ಚಿಕ್ಕಮುನಿಯಪ್ಪ ಹಾಕಿದ ಕೆಂಪು ದೀಪಗಳು

ಹೂಡಿಯ ಚಿಕ್ಕಮುನಿಯಪ್ಪನನ್ನು ಎಲೆಕ್ಟ್ರಿಷಿಯನ್ ಅಂತ ಕರೆದರೆ ಅವನು ಓಗೊಡುವುದಿಲ್ಲ. ಫ್ಯಾನು ನೇತುಹಾಕುವವನು ಎಲೆಕ್ಟ್ರಿಷಿಯನ್; ತಾನು ಪ್ಯಾನೆಲ್ ವೈರ್‌ಮನ್. ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತೆಂಟು ವರ್ಷ, ಕರೆಂಟು ಹಂಚುವ ಆಳೆತ್ತರದ ಕಬ್ಬಿಣದ ಪೆಟ್ಟಿಗೆಗಳ ಹೊಟ್ಟೆಯೊಳಗೆ ತಲೆ ತೂರಿಸಿ ವೈರಿನ ನರ ಜೋಡಿಸಿದವನು. ಸೇರಿದ್ದು ಕಸ ಗುಡಿಸಲಿಕ್ಕೆ. ಗುಡಿಸುವಾಗ ಸಿಕ್ಕ ಹರಕು ಡ್ರಾಯಿಂಗ್ ಹಾಳೆಗಳನ್ನು ಮನೆಗೆ ಒಯ್ದು, ಗೆರೆ ಎಲ್ಲಿ ಹುಟ್ಟಿ ಎಲ್ಲಿ ಸಾಯುತ್ತದೆ ಅಂತ ಬೆರಳಿಟ್ಟು ಹುಡುಕುತ್ತಾ ಕಸುಬು ಕಲಿತ, ಅದರಲ್ಲೇ ಇಂಗ್ಲಿಷ್ ಅಕ್ಷರವನ್ನೂ ಕಲಿತ. ಯಾವ ಮೇಷ್ಟರ ಹಂಗೂ ಅವನಿಗಿಲ್ಲ.

ನಿವೃತ್ತಿಯಾಗಿ ಐದು ವರ್ಷಕ್ಕೆ ಮಲ್ಲಿಕ್ ಅನ್ನುವವನು ಅವನನ್ನು ಹುಡುಕಿಕೊಂಡು ಬಂದ. ಪಕ್ಕದ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯವನು, ಕಂಪ್ಯೂಟರ್ ಕಂಪನಿಯಲ್ಲಿ ದೊಡ್ಡ ಹುದ್ದೆ. ಅಲ್ಲಿನ ನೀರಿನ ಪಂಪಿನ ಪ್ಯಾನೆಲ್ಲು ಚಿಕ್ಕಮುನಿಯಪ್ಪನ ಕೈಯದೇ. ಅದರೊಳಗೆ ಮೇಣದ ದಾರದಲ್ಲಿ ನಾಲ್ಕು ಬೆರಳಿಗೊಂದು ಗಂಟು ಹಾಕಿ ಕಟ್ಟಿದ ವೈರುಗಳನ್ನು ನೋಡಿ ಮಲ್ಲಿಕ್ ಮರುಳಾಗಿದ್ದ.

ಕೆಲಸ ಕೇಳಿ ಚಿಕ್ಕಮುನಿಯಪ್ಪನಿಗೇ ನಗು ಬಂತು. ಮನೆಯ ಕೋಣೆಯಲ್ಲಿ ವಿಮಾನ! ಹಾರುವುದಿಲ್ಲ, ಅಲ್ಲಾಡುವುದೂ ಇಲ್ಲ. ಪ್ಲೈವುಡ್ಡಿನ ಗೂಡು, ಹಳೇ ಕಾರಿನ ಸೀಟು, ಎದುರಿಗೆ ಮೂರು ದೊಡ್ಡ ಟಿವಿ. ಅದರಲ್ಲಿ ಮೋಡ ಓಡುತ್ತವೆ, ಕೂತವನು ಹಾರಿದೆ ಅಂದುಕೊಳ್ಳುತ್ತಾನೆ. ತಲೆಯ ಮೇಲಿನ ಹಲಗೆಯಲ್ಲಿ ಇಪ್ಪತ್ತನಾಲ್ಕು ಸ್ವಿಚ್ಚು ಕೂರಬೇಕು. ಒಂದೊಂದರ ನೆತ್ತಿಯ ಮೇಲೆ ಎರಡು ದೀಪ, ಒಂದು ಚಾಲೂ ಇದ್ದಾಗ ಹತ್ತುವುದು, ಇನ್ನೊಂದು ಬಂದ್ ಇದ್ದಾಗ.

ಆಟದ ಸಾಮಾನಾದರೇನು, ವೈರು ವೈರೇ. ಐದು ವಾರ ಕೂತ. ಇನ್ನೂರ ಹದಿನಾರು ವೈರು, ಒಂದೊಂದಕ್ಕೂ ಎರಡು ತುದಿಗೆ ನಂಬರಿನ ಉಂಗುರ. ಮಲ್ಲಿಕ್ ಕೊಟ್ಟ ಡ್ರಾಯಿಂಗಿನಲ್ಲಿ ದೀಪದ ಜಾಗವಿತ್ತು, ಬಣ್ಣವಿರಲಿಲ್ಲ. ಚಿಕ್ಕಮುನಿಯಪ್ಪ ಮೂರು ಸಲ ಕೇಳಿದ. ಮೂರು ಸಲವೂ ಅವನು ಕಿವಿಯಲ್ಲಿ ಫೋನಿಟ್ಟುಕೊಂಡೇ, "ಸ್ಟ್ಯಾಂಡರ್ಡ್ ಯಾವ್ದಿದ್ಯೋ ಅದೇ ಹಾಕಿ ಅಂಕಲ್" ಅಂದ.

ಸ್ಟ್ಯಾಂಡರ್ಡ್ ಏನು ಅಂತ ಚಿಕ್ಕಮುನಿಯಪ್ಪನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಚಾಲೂ ಇದ್ದರೆ ಕೆಂಪು, ಬಂದ್ ಇದ್ದರೆ ಹಸಿರು. ಹಾಗೇ ಹಾಕಿದ.

ಕೆಲಸ ಮುಗಿದ ಭಾನುವಾರ ಬೆಳಿಗ್ಗೆ, ಚಿಕ್ಕಮುನಿಯಪ್ಪ ಅಲ್ಲಿರುವಾಗಲೇ, ಮಲ್ಲಿಕ್ ತನ್ನ ಪರಿಚಯದ ಸೌಮ್ಯಳನ್ನು ಕರೆಸಿದ. ಆಕೆ ನಿಜವಾದ ವಿಮಾನ ಓಡಿಸುವವಳು. ಸೀಟಿನಲ್ಲಿ ಕೂತು, ಕೈ ಮೇಲೆತ್ತಿ, ಸಾಲಾಗಿ ಸ್ವಿಚ್ಚು ಹಾಕುತ್ತಾ ಹೋದಳು. ಜನರೇಟರು, ಇಂಧನದ ಪಂಪು, ಎಣ್ಣೆಯ ಪಂಪು. ಒಂದೊಂದಕ್ಕೂ ಒಂದು ಕೆಂಪು ದೀಪ ಹತ್ತಿತು. ಕೊನೆಗೆ ನೆತ್ತಿಯ ಮೇಲಿನ ಹಲಗೆಯೆಲ್ಲ ಕೆಂಡ ಹರಡಿದ ಹಾಗಾಯಿತು.

ಸೌಮ್ಯ ನಕ್ಕುಬಿಟ್ಟಳು. "ಮಲ್ಲಿಕ್, ನಿನ್ನ ಪ್ಲೇನು ನೆಲದ ಮೇಲೇ ಸುಟ್ಟೋಯ್ತಲ್ಲೋ! ನಮ್ಮಲ್ಲಿ ಇಷ್ಟು ಕೆಂಪು ಕಂಡ್ರೆ ಪ್ಯಾಸೆಂಜರ್‌ಗಳು ಎಮರ್ಜೆನ್ಸಿ ಜಾರುಬಂಡೆಯಲ್ಲಿ ಇಳೀತಿರ್ತಾರೆ."

ಮಲ್ಲಿಕ್‌ನ ಮುಖ ಹುಳ್ಳಗಾಯಿತು. "ಅಯ್ಯೋ, ಲೋಕಲ್ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿದ್ದು ಕಣೇ. ನನ್ನದೇ ತಪ್ಪು. ಎಲ್ಲಾ ಕಿತ್ತಾಕಿ ಫಾರಿನ್ನಿಂದ ರೆಡಿಮೇಡ್ ತರಿಸ್ತೀನಿ."

ಅಂದವನೇ ಹಲಗೆಯ ಹಿಂಬಾಗಿಲು ತೆಗೆದು, ಮೇಜಿನ ಮೇಲಿದ್ದ ಕಟರ್ ಎತ್ತಿ, ತೋಳಿನ ಗಾತ್ರದ ವೈರಿನ ಕಟ್ಟಿಗೆ ಅದರ ಬಾಯಿ ಹಚ್ಚಿಯೇಬಿಟ್ಟ.

ಚಿಕ್ಕಮುನಿಯಪ್ಪ ಅವನ ಮುಂಗೈ ಹಿಡಿದ. ಅರವತ್ತಮೂರು ವರ್ಷದ ಕೈ, ಸ್ಕ್ರೂ ತಿರುಗಿಸಿ ತಿರುಗಿಸಿ ಇಕ್ಕಳದಂತಾದ ಕೈ.

"ಮಡಗು ಕೆಳಕ್ಕೆ."

"ಅಂಕಲ್, ಕೈ ಬಿಡಿ..."

"ಮಡಗು ಅಂದೆ! ಐದು ವಾರ ಸೊಂಟ ಮುರ್ಕೊಂಡು ಕಟ್ಟಿರೋದು, ನಿನ್ ಗಡ್ಡ ಕೆರೆದಂಗೆ ಕೆರೆದ್ಬಿಡ್ತೀಯಾ? ಬಣ್ಣ ಯಾವ್ದಪ್ಪಾ ಅಂತ ಮೂರು ಸಲ ಕೇಳ್ದೆ. ತಲೆ ಎತ್ತಿ ನೋಡ್ದೇನೋ ನೀನು? ಸ್ಟ್ಯಾಂಡರ್ಡ್ ಅಂದೆ. ಇದೇ ಕಣಯ್ಯಾ ಸ್ಟ್ಯಾಂಡರ್ಡು!"

"ಪ್ರಪಂಚದಲ್ಲೆಲ್ಲಾ ಹಸಿರು ಅಂದ್ರೆ ಸರಿ, ಕೆಂಪು ಅಂದ್ರೆ ಡೇಂಜರ್ ಅಲ್ವಾ ಅಂಕಲ್?"

"ನಾನೂ ಅದ್ನೇ ಏಳ್ತಿರೋದು! ಕರೆಂಟ್ ಅರೀತಾ ಐತೆ, ಕೈ ಇಕ್ಬೇಡ ಅಂತ ಕೆಂಪು. ಕರೆಂಟ್ ಇಲ್ಲ, ಬಾ ಮುಟ್ಟು ಅಂತ ಹಸಿರು. ಸಂಗಣ್ಣ ಅಂತಿದ್ದ ನನ್ ಪಕ್ಕದ ಬೆಂಚಲ್ಲಿ, ಯಾದಗಿರಿ ಕಡೆಯೋನು. ಯಾವನೋ ಪುಣ್ಯಾತ್ಮ ನಿನ್ನಂಗೇ ಬಣ್ಣದಾಗೇನೈತೆ ಅಂತ ದೀಪ ಅದ್ಲುಬದ್ಲು ಆಕಿದ್ದ. ಸಂಗಣ್ಣ ಹಸಿರು ನೋಡಿ ನಂಬಿ ಕೈ ಇಟ್ಟ. ಮೊಣಕೈಗಂಟ ಸುಟ್ಟೋಯ್ತು. ಆಸ್ಪತ್ರೆಗೆ ಎತ್ಕೊಂಡೋದವ್ನು ನಾನು. ಅವತ್ತಿಂದ ಇವತ್ತಿನವರ್ಗೂ ಈ ಕೈ ಒಂದೇ ಒಂದು ದೀಪ ತಪ್ಪಾಕಿಲ್ಲ. ನನ್ನ ಲೋಕಲ್ ಅಂತೀಯಾ?"

ಸೌಮ್ಯ ನಗು ನಿಲ್ಲಿಸಿ ಎದ್ದು ಬಂದಳು. ಕತ್ತು ಚಾಚಿ ಹಲಗೆಯ ಹಿಂದೆ ನೋಡಿದಳು. ಒಂದು ವೈರಿನ ನಂಬರು ಹಿಡಿದು ಅದರ ಇನ್ನೊಂದು ತುದಿಯವರೆಗೆ ಬೆರಳು ಒಯ್ದಳು.

"ನಕ್ಕಿದ್ದಕ್ಕೆ ಬೇಜಾರಾಗ್ಬೇಡಿ ಸಾರ್," ಅಂದಳು. "ಆದ್ರೆ ನಾನು ಒಳಗೆ ಕೈ ಇಡೋದಿಲ್ಲ. ಸೀಟಲ್ಲಿ ಕೂತು ನೋಡ್ತೀನಿ ಅಷ್ಟೆ. ಪಂಪ್ ನಿಂತ್ರೆ ನನಗೆ ಅಪಾಯ. ಓಡ್ತಾ ಇದ್ರೆ ನೆಮ್ಮದಿ."

ಚಿಕ್ಕಮುನಿಯಪ್ಪ ಹಿಡಿದಿದ್ದ ಮುಂಗೈ ಬಿಟ್ಟ. ಮೂವತ್ತೆಂಟು ವರ್ಷ ಅವನು ಪೆಟ್ಟಿಗೆಯ ಒಳಗೆ ಕೈ ಇಡುವವನ ಕಡೆಯಿಂದಲೇ ದೀಪ ನೋಡಿದ್ದ. ಅದನ್ನೇ ನಂಬಿ ಆಕಾಶದಲ್ಲಿ ಕೂತವರೂ ಇರುತ್ತಾರೆ ಅಂತ ಯೋಚಿಸಿರಲಿಲ್ಲ. ಹೆಂಗಸಿನ ಮಾತು ನ್ಯಾಯದ್ದು. ನ್ಯಾಯದ್ದಾಗಿದ್ದಕ್ಕೇ ಇನ್ನೂ ಸಿಟ್ಟು ಬಂತು.

"ಈ ಮಾತು ಮೂರರಲ್ಲಿ ಒಂದ್ಸಲನಾದ್ರೂ ಈವಯ್ಯ ಏಳ್ಬೋದಿತ್ತಲ್ಲಮ್ಮಾ!"

ಮಲ್ಲಿಕ್ ಕಟರ್ ಕೆಳಗಿಟ್ಟ. "ಸರಿ ಮಾಡೋಕೆ ಮತ್ತೆ ಐದು ವಾರ ಬೇಕಾ ಅಂಕಲ್?"

"ಐದು ವಾರ? ಥೂ! ಒಂದು ವೈರೂ ಮುಟ್ಟಂಗಿಲ್ಲ. ದೀಪದ ಮ್ಯಾಲಿನ ಬಣ್ಣದ ಟೋಪಿ ತಿರುಪಿ ಆ ಕಡೇದು ಈ ಕಡೆ ಆಕಿದ್ರಾಯ್ತು. ಅದಕ್ಕೆ ಕತ್ತರಿ ಇಡ್ಕೊಂಡ್ ನಿಂತ್ಯಲ್ಲಯ್ಯಾ. ಬಾ ಇಲ್ಲಿ. ನೀನೇ ಬಿಚ್ಚು, ನೀನೇ ಆಕು."

ಕಂಪ್ಯೂಟರ್ ಕಂಪನಿಯ ದೊಡ್ಡ ಮನುಷ್ಯ ಸ್ಟೂಲಿನ ಮೇಲೆ ನಿಂತು, ಕತ್ತು ಮೇಲೆತ್ತಿ, ನಲವತ್ತೆಂಟು ಟೋಪಿ ಬಿಚ್ಚಿ ನಲವತ್ತೆಂಟು ಟೋಪಿ ಹಾಕಿದ. ಎರಡು ಸಲ ಕೈಜಾರಿ ಬೀಳಿಸಿದ. "ಲೋಕಲ್ ಕೆಲಸ, ನಿಧಾನಕ್ಕೆ ಮಾಡಪ್ಪ" ಅಂತ ಚಿಕ್ಕಮುನಿಯಪ್ಪ ಕೆಳಗಿನಿಂದ ಕುಟುಕಿದ. ಸೌಮ್ಯ ಬಾಯಿಗೆ ಕೈ ಅಡ್ಡ ಹಿಡಿದಳು.

ಆಕೆ ಮತ್ತೆ ಕೂತು ಸ್ವಿಚ್ಚು ಹಾಕಿದಾಗ ಹಲಗೆಯೆಲ್ಲ ಗದ್ದೆಯಂತೆ ಹಸಿರಾಯಿತು. ಚಿಕ್ಕಮುನಿಯಪ್ಪನಿಗೆ ನೋಡಲಾಗಲಿಲ್ಲ. ಅಷ್ಟೊಂದು ಹಸಿರು, ಒಳಗೆಲ್ಲ ಕರೆಂಟು! ಐದು ವೋಲ್ಟೇ ಇರಬಹುದು, ಮುಟ್ಟಿದರೆ ಇರುವೆಯೂ ಸಾಯುವುದಿಲ್ಲ. ಆದರೂ ಅವನ ಬಲಗೈ ತಾನಾಗಿ ಬೆನ್ನ ಹಿಂದಕ್ಕೆ ಹೋಯಿತು.

ಮಲ್ಲಿಕ್ ಏನೋ ಸಮಾಧಾನ ಹೇಳಲು ಬಂದ. ಅವನು ಕೇಳಿಸಿಕೊಳ್ಳಲಿಲ್ಲ. ಒಂದು ಬಿಳಿ ಹಾಳೆ, ಪೆನ್ನು ಕೇಳಿ ಇಸಕೊಂಡ. ಗೋಡೆಗಿಟ್ಟು ಒತ್ತಿ ಒತ್ತಿ ದಪ್ಪ ಅಕ್ಷರದಲ್ಲಿ ಬರೆದ: "ಎಚ್ಚರಿಕೆ. ಇಲ್ಲಿ ಹಸಿರು ಅಂದರೆ ಚಾಲೂ. ಕೆಂಪು ಅಂದರೆ ಬಂದ್. ಈ ಪ್ಯಾನೆಲ್ಲಿಗೆ ಮಾತ್ರ. ಬೇರೆ ಕಡೆ ಹೀಗೆ ಮಾಡಬೇಡಿ." ಕೆಳಗೆ ತಾರೀಕು, ಸಹಿ, ಸಹಿಯ ಕೆಳಗೆ 'ಪ್ಯಾನೆಲ್ ವೈರ್‌ಮನ್'. ಹಿಂಬಾಗಿಲಿನ ಒಳಮೈಗೆ ನಾಲ್ಕೂ ಮೂಲೆ ಅಂಟಿಸಿ ಅಂಗೈಯಲ್ಲಿ ತಟ್ಟಿದ. "ಇದೊಂದನ್ನ ಕಿತ್ತಾಕು, ನೋಡ್ಕೋತೀನಿ" ಅಂತ ಮಲ್ಲಿಕ್‌ಗೆ ಬೆರಳು ತೋರಿಸಿ, ಚಪ್ಪಲಿ ಮೆಟ್ಟಿಕೊಂಡು ಲಿಫ್ಟಿನ ಕಡೆ ನಡೆದ.