ಎರಡನೇ ಬೀಗದ ಕೈ

ಆನೆ ಬರಬಹುದಿತ್ತು. ಒಂದಲ್ಲ, ಹಿಂಡೇ ಬಂದು, ಬಾಳೆ ತಿಂದು, ನೀರಿನ ಟ್ಯಾಂಕು ಉರುಳಿಸಿ, ಹೋಗುವಾಗ ಮನೆಯ ಮೂಲೆಗೆ ಮೈ ಉಜ್ಜಿಕೊಂಡು ಹೋಗಬಹುದಿತ್ತು. ಬಾವಿ ಬತ್ತಬಹುದಿತ್ತು. ಬಚ್ಚಲಿನಲ್ಲಿ ಹಾವು ಸುರುಳಿ ಸುತ್ತಿಕೊಂಡಿರಬಹುದಿತ್ತು. ಪತ್ರದಲ್ಲಿ ಸರ್ವೆ ನಂಬರೇ ತಪ್ಪಾಗಿ, ನಾವು ಕೊಂಡದ್ದು ಈ ಜಾಗವಲ್ಲ, ಎದುರಿನ ಬೋಳುಗುಡ್ಡ ಎಂದು ಗೊತ್ತಾಗಬಹುದಿತ್ತು. ಘಾಟಿ ರಸ್ತೆಯ ದೋಣಿಗಲ್ ಕಡೆ ಮಣ್ಣು ಜಾರಿದ ಸುದ್ದಿ ಬಂದಾಗಲೆಲ್ಲ ನಮ್ಮ ಮನೆಯ ಹಿಂದಿನ ದಿಬ್ಬಕ್ಕೂ ಅದೇ ಆಸೆ ಹುಟ್ಟಬಹುದಿತ್ತು. ಮಳೆಗಾಲದಲ್ಲಿ ನನ್ನ ಗಂಡನಿಗೆ ಎದೆನೋವು ಬಂದು, ಅದೇ ಹೊತ್ತಿಗೆ ರಸ್ತೆಗೆ ಮರ ಬಿದ್ದು, ಅದೇ ಹೊತ್ತಿಗೆ ಫೋನಿನ ಸಿಗ್ನಲ್ ಹೋಗಬಹುದಿತ್ತು. ಮೂರೂ ಒಟ್ಟಿಗೇ ಆಗಬೇಕೆಂಬುದು ನನ್ನ ಕಲ್ಪನೆಯ ನಿಯಮ. ಇದೆಲ್ಲ ಆಗದಿದ್ದರೂ, ಇಬ್ಬರೇ ಇದ್ದು ಇದ್ದು ನಮ್ಮ ನಡುವಿನ ಮಾತೇ ಮುಗಿದುಹೋಗಿ, ಊಟದ ಹೊತ್ತಿನಲ್ಲಿ ಉಪ್ಪು ಕೇಳುವುದಕ್ಕಷ್ಟೇ ಬಾಯಿ ತೆರೆಯುವ ಹಾಗಾಗಬಹುದಿತ್ತು.

ಯಾವುದೂ ಆಗಲಿಲ್ಲ. ಆನೆ ಬಂದದ್ದೇನೋ ನಿಜ. ಎರಡು ಸಲ ಪಕ್ಕದ ತೋಟದ ತನಕ ಬಂದು, ನಮ್ಮ ಕಡೆ ತಿನ್ನುವಂಥದ್ದೇನೂ ಕಾಣದೆ ವಾಪಸು ಹೋಯಿತು. ನಾನು ಎರಡು ದಿನ ನೆಮ್ಮದಿಯಿಂದಿದ್ದು, ಮೂರನೆಯ ದಿನ ಸ್ವಲ್ಪ ಅವಮಾನಪಟ್ಟೆ. ಹಾವು ಕಾಣಿಸಿದ್ದು ಅಂಗಳದಲ್ಲಿ; ನನ್ನ ಕೂಗಿಗೆ ಅದೇ ಹೆದರಿ ಹೋಯಿತು. ಗಂಡನ ಹೃದಯ ಗಟ್ಟಿಯಾಗಿದೆ. ಮಾತಂತೂ ಮುಗಿಯಲಿಲ್ಲ, ಯಾಕೆಂದರೆ ಜಗಳ ಮುಗಿಯಲಿಲ್ಲ.

ಇವತ್ತು ಬೆಳಿಗ್ಗೆ ಆಲೂರಿಗೆ ಹೊರಟು ಕೊಡೆ ಹುಡುಕುತ್ತಿದ್ದೆ. ಬಾಗಿಲ ಹಿಂದಿನ ಮೊಳೆಯಲ್ಲಿ, ಕೊಡೆ, ಟೋಪಿ, ಹಳೇ ರೈನ್‌ಕೋಟುಗಳ ಅಡಿಯಲ್ಲಿ ಒಂದು ಬೀಗದ ಕೈ ಕೈಗೆ ಸಿಕ್ಕಿತು. ಅದಕ್ಕೆ ಕಟ್ಟಿದ್ದ ಬಾಳೆನಾರು ಒಣಗಿ ಮುಟ್ಟಿದರೆ ಪುಡಿಯಾಗುವ ಹಾಗಿತ್ತು. ಬೆರಳಿಗೆ ತುಕ್ಕಿನ ವಾಸನೆ ಅಂಟಿತು. ಬಸ್ಸಿಗೆ ಇನ್ನೂ ಹೊತ್ತಿತ್ತು, ಜಗಲಿಯ ಮೆಟ್ಟಿಲ ಮೇಲೆ ಕೂತೆ. ನೀವೂ ಒಂದು ಗಳಿಗೆ ಕೂತುಕೊಳ್ಳಿ. ಜಿಗಣೆ ಇದ್ದರೆ ನನ್ನನ್ನು ಬೈಯಬೇಡಿ.

ಮೊದಲು ನನ್ನ ಕಸುಬಿನ ವಿಷಯ ಹೇಳಿಬಿಡಬೇಕು. ಮೈಸೂರಿನಲ್ಲಿ ಇಪ್ಪತ್ತು ವರ್ಷ ನಾನು ವಿಮೆಯ ಕಚೇರಿಯಲ್ಲಿ ಕೆಲಸ ಮಾಡಿದವಳು. ಬೆಂಕಿ, ಕಳ್ಳತನ, ನೆರೆ, ಸಿಡಿಲು — ಜನರಿಗೆ ಒದಗುವ ಅನಾಹುತಗಳೆಲ್ಲ ಫಾರಂ ಆಗಿ ನನ್ನ ಮೇಜಿಗೆ ಬರುತ್ತಿದ್ದವು. ಬೇರೆಯವರು ಸಂಜೆ ಮನೆಗೆ ಹೋಗಿ ಟೀವಿ ನೋಡುತ್ತಾರೆ. ನಾನು ಮನೆಗೆ ಹೋಗಿ ಗ್ಯಾಸ್ ಆಫ್ ಆಗಿದೆಯೇ ಎಂದು ಮೂರು ಸಲ ನೋಡುತ್ತಿದ್ದೆ. ಚಿಂತೆ ಮಾಡುವುದು ಸೋಮಾರಿಗಳ ಕೆಲಸ ಎಂದು ಯಾರಾದರೂ ಅಂದುಕೊಂಡಿದ್ದರೆ ಅವರು ಅದನ್ನು ಮನಸ್ಸಿಟ್ಟು ಮಾಡಿಲ್ಲ. ಮೂಟೆ ಹೊತ್ತಷ್ಟೇ ಸುಸ್ತಾಗುತ್ತದೆ. ನಲವತ್ತೆಂಟು ತುಂಬುವ ಹೊತ್ತಿಗೆ ನಾನು ಹೊತ್ತು ಹೊತ್ತು ಸಾಕಾದವಳಾಗಿದ್ದೆ. ನನ್ನ ಗಂಡ ಒಂದು ದಿನ, "ಎಲ್ಲಾದರೂ ಮರ ಇರೋ ಕಡೆ ಹೋಗೋಣ ಕಣೇ" ಅಂದರು. ಊರಿನಲ್ಲಿ ಒಂದು ಸೈಟು ಸಿಗುವ ಬೆಲೆಗೆ ಸಕಲೇಶಪುರ-ಆಲೂರಿನ ನಡುವಿನ ಗುಡ್ಡದಲ್ಲಿ ಒಂದೂವರೆ ಎಕರೆ ಸಿಕ್ಕಿತು. ಹಳೇ ಕಾಫಿ ಗಿಡ, ಹತ್ತಾರು ಸಿಲ್ವರ್ ಮರ, ಎರಡು ಹಲಸು, ಹೆಂಚಿನ ಪುಟ್ಟ ಮನೆ. ಇಲ್ಲಾದರೂ ಸುಮ್ಮನೆ ಕೂತಿರಬಹುದು ಅನ್ನಿಸಿತು. ಚಿಂತೆಗೆ ಮೈಸೂರಿನಿಂದ ಇಲ್ಲಿಗೆ ನೇರ ಬಸ್ಸಿದೆ ಅಂತ ಆಮೇಲೆ ಗೊತ್ತಾಯಿತು.

ಜಾಗ ಮಾರಿದವರು ರೈಟರ್ ವಿನ್ಸೆಂಟ್. ರೈಟರ್ ಎಂದರೆ ಪುಸ್ತಕ ಬರೆಯುವವರಲ್ಲ. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆದು ಕೆಲಸ ನೋಡಿಕೊಳ್ಳುವವರು. ಅವರ ಅಜ್ಜ ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದವರಂತೆ. ಕೀಲಿಕೈ ಕೊಡುವ ದಿನ ಅವರು ಅಂಗಳದ ತುದಿಯಲ್ಲಿ ನಿಂತು, ಕಾಫಿ ಗಿಡಗಳ ನಡುವೆ ಇಳಿದುಹೋಗುವ ಒಂದು ಸವೆದ ಕಾಲುದಾರಿ ತೋರಿಸಿ, "ಇದರಲ್ಲಿ ಬೆಳಿಗ್ಗೆ ಜಯಕ್ಕ ಹೋಗ್ತಾರೆ. ಕೆಳಗೆ ಬಸ್ಸಿಗೆ. ನೀವು ಹೆದರ್ಬೇಡಿ ಆಯ್ತಾ?" ಅಂದರು. ನಾನು ಹೆದರುವವಳು ಎಂದು ಅವರಿಗೆ ಅಷ್ಟು ಬೇಗ ಹೇಗೆ ಗೊತ್ತಾಯಿತೋ.

ಜಯಕ್ಕ ಮೇಲಿನ ಕೇರಿಯವರು. ಆಲೂರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುತ್ತಾರೆ. ನಮ್ಮ ಅಂಗಳ ದಾಟಿ ಇಳಿದರೆ ಬಸ್ಸು ನಿಲ್ಲುವ ಜಾಗಕ್ಕೆ ಹತ್ತು ನಿಮಿಷ. ಜೀಪು ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ ಮುಕ್ಕಾಲು ಗಂಟೆ. ಮೊದಲ ದಿನ ಅಂಗಳದ ತುದಿಯಲ್ಲಿ ಯಾರೋ ಜೋರಾಗಿ ಕೆಮ್ಮಿದ ಸದ್ದಾಗಿ ನಾನು ಕೈಯಲ್ಲಿದ್ದ ಹಾಲಿನ ಪಾತ್ರೆ ಬೀಳಿಸಿದೆ. ಅದು ಕಾಯಿಲೆಯ ಕೆಮ್ಮಲ್ಲ. ನಾನು ಬರುತ್ತಿದ್ದೇನೆ, ಸೆರಗು ಸರಿಮಾಡಿಕೊಳ್ಳುವುದಿದ್ದರೆ ಮಾಡಿಕೊಳ್ಳಿ, ಜಗಳವಾಡುತ್ತಿದ್ದರೆ ನಿಲ್ಲಿಸಿ ಎಂದು ಹೇಳುವ ಮರ್ಯಾದೆಯ ಕೆಮ್ಮು. ಆ ದಿನ ಅವರು, "ಗಾಬರಿ ಬೀಳ್ಬ್ಯಾಡಿ ಮೇಡಂ, ನಾನ್ ಕಣ್ರೀ, ಜಯ" ಅಂದರು.

ಒಂದು ತಿಂಗಳಲ್ಲಿ 'ಮೇಡಂ' ಉದುರಿಹೋಗಿ 'ಅಕ್ಕ' ಬಂತು. ನಾನೂ ಅವರನ್ನು ಜಯಕ್ಕ ಎನ್ನುತ್ತಿದ್ದೆ. ನಮ್ಮಿಬ್ಬರಲ್ಲಿ ದೊಡ್ಡವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯಿತು.

"ನನ್ನ ಆಧಾರ್ ಕಾರ್ಡಲ್ಲಿ ಒಂದ್ ವಯಸ್ಸೈತೆ, ನಮ್ಮವ್ವ ಹೇಳಿದ್ದು ಒಂದೈತೆ. ನಿಮ್ಗೆ ಯಾವ್ದು ಬೇಕೋ ತಗಳಿ ಅಕ್ಕ" ಎನ್ನುತ್ತಿದ್ದರು.

ದಿನವೂ ಎಂಟು ಗಂಟೆಗೆ ಕೆಮ್ಮು, ಮೆಟ್ಟಿಲ ಮೇಲೆ ನಿಂತೇ ಅರ್ಧ ಲೋಟ ಕಾಫಿ, ನಾಲ್ಕು ಮಾತು. ನಾನು ರಾತ್ರಿಯೆಲ್ಲ ಕೂಡಿಟ್ಟ ಚಿಂತೆಗಳನ್ನು ಅವರ ಮುಂದೆ ಸುರಿಯುತ್ತಿದ್ದೆ. ಅವರು ಒಂದೊಂದನ್ನೇ ಸೊಪ್ಪು ಸೋಸುವ ಹಾಗೆ ನೋಡಿ ಪಕ್ಕಕ್ಕಿಡುತ್ತಿದ್ದರು. ಬಾವಿಯ ನೀರು ಕೆಂಪಾಗಿದೆಯಲ್ಲ? "ಹೊಸ ಮಳೆ ಅಲ್ವಾ, ಒಸಿ ತಡೀರಿ, ತಿಳಿ ಆಯ್ತದೆ." ಹಿಂದಿನ ದಿಬ್ಬ ಜಾರಿದರೆ? "ನಮ್ಮತ್ತೆ ಕಾಲದಿಂದ ಅಲ್ಲೇ ಕುಂತೈತೆ. ನೀವ್ ಬಂದ್ರಿ ಅಂತ ಎದ್ದು ಬರಾಕೆ ಅದ್ಕೇನು ನೆಂಟಸ್ತನವಾ?" ನನ್ನ ಗುಲಾಬಿ ಗಿಡಗಳನ್ನು ಕಾಡುಹಂದಿ ಬುಡಸಮೇತ ಅಗೆದು ಹಾಕಿದ ದಿನ ಮಾತ್ರ ಅವರಿಗೆ ನಗು ತಡೆಯಲಾಗಲಿಲ್ಲ. "ಎಷ್ಟ್ ಚೆಂದಾಗಿ ಗುಂಡಿ ತೆಗ್ದು ಗೊಬ್ರ ಹಾಕಿದ್ರಿ ಅಕ್ಕ. ಪಾಪ, ಹಂದಿಗೆ ಊಟಕ್ಕೆ ಕರ್ದಂಗೆ ಆಗ್ಬುಡ್ತು."

ಇಲ್ಲಿ ಉಳಿಯುತ್ತೇವೋ, ಗಂಟುಮೂಟೆ ಕಟ್ಟಿ ವಾಪಸು ಹೋಗುತ್ತೇವೋ ಎಂದು ನಾವು ಎರಡು ಮಳೆಗಾಲ ತೂಗಿ ನೋಡಿದೆವು. ಉಳಿದದ್ದು ಮರಗಳಿಗಾಗಿ ಎಂದು ಬಂದವರಿಗೆಲ್ಲ ಹೇಳುತ್ತೇನೆ. ನಿಮ್ಮ ಹತ್ತಿರ ಸುಳ್ಳು ಯಾಕೆ? ಉಳಿದದ್ದು ಎಂಟು ಗಂಟೆಯ ಆ ಅರ್ಧ ಲೋಟಕ್ಕಾಗಿ. ಮರಗಳು ಕಾಫಿ ಕುಡಿಯುವುದಿಲ್ಲ.

ಹೀಗಿರುವಾಗ ಊರಿನ ವಾಟ್ಸಾಪ್ ಗುಂಪಿಗೆ ನನ್ನನ್ನು ಯಾರೋ ಸೇರಿಸಿದರು. ಅದು ಆನೆ ಎಲ್ಲಿದೆ ಎಂದು ತಿಳಿಸುವುದಕ್ಕೆ ಮಾಡಿದ ಗುಂಪು. ಆನೆ ಇಲ್ಲದ ದಿನಗಳಲ್ಲಿ ಅದು ಸುಮ್ಮನಿರಬಾರದೆಂದು ಕಳ್ಳತನದ ಸುದ್ದಿ ಹಾಕುತ್ತಿತ್ತು. ಅಲ್ಲೆಲ್ಲೋ ಒಣಗಲು ಹಾಕಿದ ಮೆಣಸು ಹೋಯಿತಂತೆ, ಇನ್ನೆಲ್ಲೋ ಪಂಪಿನ ವೈರು ಹೋಯಿತಂತೆ. ಒಂದು ಮಧ್ಯಾಹ್ನ, ಗಂಡ ಹಾಸನಕ್ಕೆ ಹೋಗಿದ್ದಾಗ, ಗುರುತಿಲ್ಲದ ಇಬ್ಬರು ಕಾಲುದಾರಿಯಲ್ಲಿ ಬಂದು ಅಂಗಳ ದಾಟಿ ಹೋದರು. ಮೇಲಿನ ಕೇರಿಗೆ ಟೀವಿ ರಿಪೇರಿಗೆ ಬಂದವರೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ನಾನು ಆಲೂರಿನ ವೆಲ್ಡಿಂಗ್ ಅಂಗಡಿಗೆ ಫೋನು ಮಾಡಿಬಿಟ್ಟಿದ್ದೆ.

ವಾರದಲ್ಲಿ ಕಾಲುದಾರಿಗೆ ಅಡ್ಡ ಗೇಟು ಬಂತು. ಹಸಿರು ಬಣ್ಣ, ಎದೆಯೆತ್ತರ, ಎರಡೂ ಕಡೆ ಮುಳ್ಳುತಂತಿ.

"ಆನೆಗೆ ಇದು ಹಲ್ಲುಕಡ್ಡಿ," ಅಂದರು ನನ್ನ ಗಂಡ. "ಕಳ್ಳನಿಗೆ ಮೆಟ್ಟಿಲು. ಯಾರಿಗಂತ ಹಾಕಿಸ್ದೆ?"

"ಸುಮ್ನೆ ಇರಿ, ಒಂದು ಧೈರ್ಯಕ್ಕೆ" ಅಂದೆ.

ಬೀಗಕ್ಕೆ ಎರಡು ಕೈ ಬಂದಿದ್ದವು. ಎರಡನೆಯದನ್ನು ಏನು ಮಾಡಬೇಕೆಂದು ನಾನು ಗೇಟು ಬರುವ ಮೊದಲೇ ಯೋಚಿಸಿದ್ದೆ, ಅದಕ್ಕಾಗಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಬೇರೆ ಊರಿನಿಂದ ಬಂದು ಜಾಗ ಕೊಂಡವರು ಬೇಲಿ ಹಾಕಿ ದಾರಿ ಮುಚ್ಚುತ್ತಾರೆ, ನಾಯಿ ಸಾಕುತ್ತಾರೆ, ಬೋರ್ಡು ನೆಡುತ್ತಾರೆ. ನಾನು ಅಂಥವಳಲ್ಲ. ನಾನು ಕೈ ಕೊಡುವವಳು. ಅದಕ್ಕೊಂದು ಕೆಂಪು ರಿಬ್ಬನ್ನನ್ನೂ ಕಟ್ಟಿದೆ, ನೋಡಿ.

ಮರುದಿನ ಎಂಟು ಗಂಟೆಗೆ ಕೆಮ್ಮು ಗೇಟಿನ ಆಚೆಯಿಂದ ಬಂತು. ಹೋಗಿ ತೆಗೆದು, ರಿಬ್ಬನ್ ಸಮೇತ ಕೈಯಲ್ಲಿಟ್ಟೆ. ಜಯಕ್ಕ ಅದನ್ನು ಅಂಗೈಯಲ್ಲಿ ತಿರುಗಿಸಿ ನೋಡಿದರು.

"ಏನಕ್ಕ ಇದು?"

"ಗೇಟಿನದು. ನಿಮಗೇ ಅಂತ ಇಟ್ಟಿದ್ದು. ಯಾವಾಗ ಬೇಕಾದರೂ ಬನ್ನಿ, ಹೋಗಿ."

ಅವರು ಗೇಟನ್ನು ನೋಡಿದರು, ತಂತಿಯನ್ನು ನೋಡಿದರು. "ಬಣ್ಣ ಚೆನ್ನಾಗೈತೆ" ಅಂದರು. ಕಾಫಿಗೆ ಕರೆದರೆ ಬಸ್ಸಿಗೆ ಹೊತ್ತಾಗಿದೆ ಅಂದರು. ಹೊತ್ತಾಗಿರಲಿಲ್ಲ.

ಅದರ ಮರುದಿನ ಕೆಮ್ಮಿಲ್ಲ. ಕಾಯಿಲೆಯೇನೋ ಎಂದು ಚಿಂತೆಗೆ ಕೂತೆ. ಮೂರನೆಯ ದಿನ ಗೇಟಿನ ಸರಳಿಗೆ ಆ ಬೀಗದ ಕೈ ನೇತಾಡುತ್ತಿತ್ತು. ಮಳೆಗೆ ನೆಂದ ರಿಬ್ಬನ್ನು ಬಣ್ಣ ಬಿಟ್ಟಿದ್ದರಿಂದಲೋ ಏನೋ, ಅದನ್ನು ತೆಗೆದು ಬಾಳೆನಾರಿನಲ್ಲಿ ಭದ್ರವಾಗಿ ಗಂಟು ಹಾಕಿದ್ದರು, ಬೀಳಬಾರದು ಅಂತ. ಜಯಕ್ಕ ಜೀಪು ರಸ್ತೆಯಲ್ಲಿ ಹೋಗುತ್ತಿದ್ದಾರೆಂದು ಹಾಲಿನವರು ಹೇಳಿದರು. ಮುಕ್ಕಾಲು ಗಂಟೆ, ಆ ನೋಯುವ ಮಂಡಿ ಇಟ್ಟುಕೊಂಡು.

ವಿನ್ಸೆಂಟರಿಗೆ ಫೋನು ಮಾಡಿದೆ. "ಬೇಲಿ ಹಾಕಿದ್ದಕ್ಕೆ ಕೋಪವಾ? ಕೈ ಕೊಟ್ಟೆನಲ್ಲ ನಾನು?"

"ನಿಮ್ಮದೊಂದು ಕತೆ ಮಾರಾಯ್ರೇ," ಅಂದರು. "ನಾನು ನಿಮಗೆ ಮಾರಿದ್ದು ಜಾಗ. ದಾರಿ ನಂದಲ್ಲ, ಹೇಗೆ ಮಾರ್ಲಿ? ಆ ಹೆಂಗಸು ಮದುವೆ ಆಗಿ ಬಂದದ್ದೇ ಅದರಲ್ಲಿ. ಹೋಗಿ ಅವರನ್ನೇ ಕೇಳಿ. ಫೋನಲ್ಲಿ ಕೇಳ್ಬೇಡಿ."

ಕೇಳಲು ಧೈರ್ಯ ಬರುವ ಹೊತ್ತಿಗೆ ತಿಂಗಳಾಯಿತು. ಒಂದು ಭಾನುವಾರ ಮೇಲಿನ ಕೇರಿಗೆ ಹೋದೆ. ಜಯಕ್ಕ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಚಾಪೆ ಹಾಸಿದರು, ನೀರು ಬೆಲ್ಲ ಕೊಟ್ಟರು. ಆ ಬೆಲ್ಲ ನೋಡಿಯೇ ನನಗೆ ಗೊತ್ತಾಯಿತು. ಅದು ಹೊಸಬರಿಗೆ ಕೊಡುವುದು.

"ಕೋಪ ಏನಿಲ್ಲ," ಅಂದರು. "ನಿಮ್ ಜಾಗ, ನಿಮ್ ಗೇಟು. ಆದ್ರೆ ನೀವೇ ಯೋಚ್ನೆ ಮಾಡಿ. ಶಾಲೇಲಿ ಸ್ಟೋರ್ ರೂಮ್ ಕೀ ನನ್ ಸೊಂಟದಾಗೈತೆ. ಒಂದ್ ಪಾವು ಬೇಳೆ ಹೆಚ್ಚುಕಮ್ಮಿ ಆದ್ರೂ ಮೊದ್ಲು ಕೇಳೋದೇನು? ಕೀ ಯಾರತ್ರ ಇತ್ತು ಅಂತ. ದಾರಿ ತೆರ್ದಿದ್ದಾಗ ಊರೋರೆಲ್ಲ ಓಡಾಡ್ತಿದ್ರು, ಯಾರ ಮ್ಯಾಲೂ ಮಾತಿಲ್ಲ. ನಾಳೆ ನಿಮ್ಮನೇಲಿ ಒಂದ್ ಮೂಟೆ ಮೆಣಸು ಹೋಯ್ತು ಅನ್ಕಳಿ. ಬೀಗ ಐತೆ, ಎರಡ್ ಕೀ ಐತೆ. ಒಂದು ನಿಮ್ದು. ಇನ್ನೊಂದು?"

ನಮ್ಮ ಕಚೇರಿಯ ಕಳ್ಳತನದ ಫಾರಮ್ಮಿನಲ್ಲಿ ಎರಡನೇ ಪುಟದಲ್ಲಿ ಒಂದು ಪ್ರಶ್ನೆ ಇರುತ್ತಿತ್ತು: ಕೀಲಿಕೈ ಯಾರ ಯಾರ ವಶದಲ್ಲಿತ್ತು? ಇಪ್ಪತ್ತು ವರ್ಷ ಅದನ್ನು ಕೇಳಿದವಳು ನಾನು. ಉತ್ತರದಲ್ಲಿ ಮನೆಗೆಲಸದವರ ಹೆಸರಿದ್ದರೆ ಅದರ ಕೆಳಗೆ ಕೆಂಪು ಗೆರೆ ಎಳೆದವಳೂ ನಾನೇ. ಜಗತ್ತಿನಲ್ಲಿ ಆಗಬಹುದಾದ ಕೇಡನ್ನೆಲ್ಲ ಮುಂಚಿತವಾಗಿ ಕಾಣುತ್ತೇನೆಂಬ ಹೆಮ್ಮೆ ನನಗಿತ್ತು. ಕಂಡಿದ್ದೆಲ್ಲ ನನಗೆ ಆಗಬಹುದಾದದ್ದು ಮಾತ್ರ.

ಸಂಜೆಯೇ ಬೀಗ ತೆಗೆದೆ. ಗೇಟನ್ನು ಪೂರ್ತಿ ತೆರೆದು ತೆಂಗಿನ ಹಗ್ಗದಲ್ಲಿ ಮರಕ್ಕೆ ಕಟ್ಟಿದೆ. ಮುಂದಿನ ಬೇಸಿಗೆಯಲ್ಲಿ ಗೇಟನ್ನೇ ಕೀಳಿಸಿದೆ. ತೋಟದಲ್ಲಿ ಒರಗಿಸಿಟ್ಟ ಅದರ ಮೇಲೆ ಈಗ ಹಾಗಲಬಳ್ಳಿ ಹಬ್ಬಿದೆ. ನನ್ನ ತೋಟದಲ್ಲಿ ಹಂದಿ ಮುಟ್ಟದ ಬೆಳೆ ಅದೊಂದೇ. ಜಯಕ್ಕನಿಗೆ ಹೇಳಿಯೂ ಕಳಿಸಿದೆ. "ಆಯ್ತು ಬುಡಿ" ಎಂದು ಮಾತು ಬಂತು, ಅವರು ಬರಲಿಲ್ಲ. ಅಷ್ಟರಲ್ಲಿ ಹಾಲಿನ ಗಾಡಿಯವರು ಅವರನ್ನು ಜೀಪು ರಸ್ತೆಯಲ್ಲಿ ಹತ್ತಿಸಿಕೊಂಡು ಬಸ್ಸಿನ ತನಕ ಬಿಡುವುದು ರೂಢಿಯಾಗಿತ್ತು. ಕಾಲು ಬೀಳದ ದಾರಿಯಲ್ಲಿ ಮೊದಲು ಹುಲ್ಲು ಬಂತು, ಆಮೇಲೆ ನಾಚಿಕೆ ಮುಳ್ಳು.

ಇಷ್ಟು ನೆನಪಿಸಿಕೊಳ್ಳುವುದರಲ್ಲಿ ಎಂಟಾಗಿತ್ತು. ಇವತ್ತು ನಾನು ರಸ್ತೆಗೆ ಹೋಗದೆ, ಸೀರೆ ಎತ್ತಿಕಟ್ಟಿಕೊಂಡು, ಕುಡುಗೋಲು ಹಿಡಿದು ಕಾಲುದಾರಿಯಲ್ಲೇ ಇಳಿದೆ. ಅಡ್ಡ ಬಂದದ್ದನ್ನು ಸವರುತ್ತ ಹೋಗುವಾಗ ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ಹಿಡಿಯಿತು. ಮೂರು ಜಿಗಣೆ ಹತ್ತಿದವು. ನಾಳೆಯೂ ಇಳಿಯುತ್ತೇನೆ, ನಾಡಿದ್ದೂ. ಆಯಾಸವೇನೋ ಆಗುತ್ತದೆ, ಆದರೆ ಇದು ಮೈಯ ಆಯಾಸ, ಮಲಗಿದರೆ ಹೋಗುತ್ತದೆ.

ಕುಡುಗೋಲನ್ನು ಪೊದೆಯಲ್ಲಿ ಬಚ್ಚಿಟ್ಟು ಬಸ್ಸು ಹತ್ತಿದಾಗ ಜಯಕ್ಕ ಕಿಟಕಿಯ ಪಕ್ಕ ಕೂತಿದ್ದರು. ನನ್ನ ಸೀರೆಗೆ ಅಂಟಿದ್ದ ಮುಳ್ಳುಬೀಜಗಳನ್ನು ನೋಡಿದರು. ಎಲ್ಲಿಂದ ಬಂದೆ ಎಂದು ಕೇಳಲಿಲ್ಲ, ಗೊತ್ತಾಗಿತ್ತು. ಕೈಚೀಲ ತೊಡೆಯ ಮೇಲೆ ತೆಗೆದುಕೊಂಡು ಜಾಗ ಮಾಡಿದರು. ಕೂತೆ. ಸೆರಗಿನ ಒಂದೆರಡು ಮುಳ್ಳನ್ನು ಅವರೇ ಕಿತ್ತು ಕಿಟಕಿಯಾಚೆ ಹಾಕಿದರು. ನನಗೆ ಒಂದು ಗಳಿಗೆ ಎಲ್ಲವೂ ಸರಿಹೋಯಿತು ಅನ್ನಿಸಿತು. ಕಂಡಕ್ಟರು ಬಂದು, "ಆಧಾರ್ ಕಾರ್ಡು ತೋರಿಸಿ, ಎಲ್ಲಿಗೆ?" ಎಂದರು.

"ಎರಡು ಆಲೂರು," ಅಂದರು ಜಯಕ್ಕ, ಕಾರ್ಡು ತೆಗೆಯುತ್ತ. "ನಂದೊಂದು, ಮೇಡಮ್ಮೋರ್ದೊಂದು."