ತಿರುಗಿ ದಾಟಿದ ಮಿಲಿಟ್ರಿ ಅಣ್ಣ

ಅವರ ಬಲಗೈ ಯಾವಾಗಲೂ ಮಡಿಲಲ್ಲಿರುತ್ತಿತ್ತು, ಯಾರೋ ‘ಸ್ವಲ್ಪ ನೋಡಿಕೊಂಡಿರಿ’ ಎಂದು ಕೊಟ್ಟುಹೋದ ಸಾಮಾನಿನ ಹಾಗೆ. ಲಕ್ವ ಹೊಡೆದ ಕೈ. ನಂಜನಗೂಡಿನಲ್ಲಿ ನಮ್ಮ ಪಕ್ಕದ ಮನೆಯವರು, ಸೈನ್ಯದಿಂದ ನಿವೃತ್ತರಾಗಿ ಬಂದವರು. ಬೀದಿಗೆಲ್ಲ ಮಿಲಿಟ್ರಿಯವರು, ನನಗೆ ಅಣ್ಣ. ಮೀಸೆಯನ್ನು ಎಡಗೈಯಲ್ಲೇ ತಿರುವುತ್ತಿದ್ದರಿಂದ ಅದು ಒಂದು ಕಡೆ ಮಾತ್ರ ಮೇಲೆದ್ದಿರುತ್ತಿತ್ತು. ಯುದ್ಧದ ಮಾತು ಕೇಳಿದರೆ, ‘ಇವತ್ತು ಏನ್ ಸಾರವ್ವ?’ ಎಂದು ನನ್ನನ್ನೇ ಕೇಳುತ್ತಿದ್ದರು.

ಬನ್ನೂರಿನಲ್ಲಿ ಮೇಷ್ಟ್ರಾಗಿದ್ದ ಅವರ ಮಗ ಮನೆಗೆ ಕಂಪ್ಯೂಟರ್ ತಂದಿಟ್ಟ. ಅದರಲ್ಲೊಂದು ಯುದ್ಧದ ಆಟ. ಸಿಪಾಯಿಯ ಕಣ್ಣಿಗೆ ಕಾಣುವುದಷ್ಟೇ ನಮಗೂ ಕಾಣುತ್ತದೆ. ಕೆಳಗೆ ಬಂದೂಕು, ಮುಂದೆ ಓಡುವ ಸಂಗಾತಿಗಳು. ಅವರನ್ನು ಕೊನೆಗೆ ಹೆಲಿಕಾಪ್ಟರ್ ಹತ್ತಿಸಬೇಕು. ಅಣ್ಣನಿಗೆ ಅದೊಂದೇ ಹಟ. ಆದರೆ ನಡೆಯಲು ಎಡಗೈಯಲ್ಲಿ ಬಟನ್, ತಿರುಗಿ ಗುರಿಯಿಡಲು ಬಲಗೈಯಲ್ಲಿ ಮೌಸ್. ಹೆಪ್ಪಿಗೆ ಮಜ್ಜಿಗೆ ಕೇಳಲು ಹೋದ ನನ್ನನ್ನು ಕೂರಿಸಿಕೊಂಡರು.

‘ಬಾರವ್ವ, ಕಾಲು ನಂದು, ಕೈ ನಿಂದು.’

ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು ನಾನು. ಒರಳು ತಿರುಗಿಸಿದ ಹಾಗೆ ಮೌಸ್ ತಿರುಗಿಸಿದೆ. ಆಕಾಶ ಕೆಳಗೆ ಬಂತು.

‘ರುಬ್ಬಬ್ಯಾಡ ಕಣವ್ವ. ಅಕ್ಕೀಲಿ ಕಲ್ಲು ಆರುಸ್ತೀಯಲ್ಲ, ಅಷ್ಟೇ ಕೈ.’

ಅಲ್ಲಿಂದ ಹುಚ್ಚು ಹತ್ತಿತು ನೋಡಿ. ಮಧ್ಯಾಹ್ನ ಪಾತ್ರೆ ತೊಳೆದವಳೇ ಓಡುತ್ತಿದ್ದೆ. ಆ ಬಾಗಿಲ ಹಿಂದೆ ಏನಿದೆ, ಆ ಹುಡುಗರು ಮನೆ ಸೇರುತ್ತಾರೋ ಇಲ್ಲವೋ, ಉಣ್ಣುವಾಗಲೂ ಅದೇ ಯೋಚನೆ. ಅಣ್ಣನ ಹೆಂಡತಿ ಬಾಗಿಲಲ್ಲಿ ನಿಂತು, ‘ಇಬ್ರೂ ಸೇರಿ ಯಾವ ದೇಸ ಗೆದ್ರಿ? ಕಾಪಿ ಆರೋಯ್ತು’ ಎಂದು ಹಂಗಿಸುತ್ತಿದ್ದರು.

ಒಂದು ಮಾತ್ರ ನನಗೆ ತಿಳಿಯುತ್ತಿರಲಿಲ್ಲ. ಆಟದಲ್ಲಿ ಬಿದ್ದವನು ಯಾರೇ ಆಗಲಿ, ಅಣ್ಣ ದಾಟುತ್ತಿರಲಿಲ್ಲ, ಸುತ್ತು ಹಾಕಿ ಹೋಗುತ್ತಿದ್ದರು. ಅಷ್ಟರಲ್ಲಿ ಗುಂಡು ಬೀಳುತ್ತಿತ್ತು. ಮಲಗಿದವರನ್ನು ದಾಟಬಾರದು, ದಾಟಿದರೆ ತಿರುಗಿ ದಾಟಬೇಕು ಎನ್ನುವುದು ನಮ್ಮ ಮನೆಗಳಲ್ಲೆಲ್ಲ ಉಂಟು. ಆದರೆ ಇವು ಬೊಂಬೆಗಳಲ್ಲವೇ?

ಕೊನೆಯ ಹಂತದಲ್ಲಿ ಒಂದು ಕಿರುಸೇತುವೆ. ಆಚೆ ಹೆಲಿಕಾಪ್ಟರ್. ನಡುವೆ ನಮ್ಮವನೊಬ್ಬ ಅಡ್ಡ ಬಿದ್ದಿದ್ದ, ಸುತ್ತಿ ಹೋಗಲು ಜಾಗವಿಲ್ಲ. ಅಣ್ಣನ ಬೆರಳು ನಿಂತುಬಿಟ್ಟಿತು.

‘ದಾಟ್ರಣ್ಣ, ಹೆಲಿಕಾಪ್ಟ್ರು ಒಂಟೋಯ್ತದೆ’ ಎಂದೆ.

ದಾಟಿದರು. ನಾಲ್ಕು ಹೆಜ್ಜೆ ಹೋಗಿದ್ದರೇನೋ, ‘ತಿರುಗ್ಸವ್ವ, ಇಂದಕ್ಕೆ ತಿರುಗ್ಸು’ ಎಂದರು. ತಿರುಗಿಸಿದೆ. ಬಿದ್ದವನನ್ನು ತಿರುಗಿ ದಾಟಿ ಅವನ ಪಕ್ಕದಲ್ಲೇ ನಿಂತರು. ಪರದೆ ಕೆಂಪಾಯಿತು. ಸೋತೆವು.

‘ನಿಜವಾದ್ ಯುದ್ಧದಲ್ಲಿ ಒಬ್ಬನ್ನ ದಾಟ್ಕಂಡು ಓಡ್ದೆ ಕಣವ್ವ, ನನ್ ಜೊತೆ ಉಂಡವನ್ನ’ ಎಂದರು ಅಣ್ಣ. ‘ತಿರುಗಿ ದಾಟಕ್ಕೆ ಆಗ್ನಿಲ್ಲ.’

ಆಮೇಲೆ ಮೀಸೆ ತಿರುವಿ, ‘ಕಾಪಿ ಬಿಸಿ ಮಾಡಮ್ಮಿ’ ಎಂದು ಒಳಗೆ ಕೂಗಿದರು.

ಮರುದಿನ ಆ ಸೇತುವೆಯಲ್ಲಿ ಅವರು ನಿಲ್ಲಲಿಲ್ಲ. ಉಳಿದ ಹುಡುಗರೆಲ್ಲ ಹೆಲಿಕಾಪ್ಟರ್ ಹತ್ತಿದರು. ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟೆ, ಅಣ್ಣ ನಕ್ಕರು. ಮುಂದಿನ ಮಳೆಗಾಲಕ್ಕೆ ಅವರು ತೀರಿಕೊಂಡರು.

ಮೊನ್ನೆ ನನ್ನ ಮೊಮ್ಮಗಳು ಅಂಥದೇ ಆಟ ಹಾಕಿ ಕೂತಿದ್ದಳು. ಮೌಸ್ ನನ್ನ ಕೈಗೆ ಬಂತು. ಒಂದು ಗುರಿಯೂ ತಪ್ಪಲಿಲ್ಲ. ‘ಅಜ್ಜೀ, ನಿಂಗ್ಯಾರ್ ಕಲ್ಸಿದ್ದು?’ ಎಂದು ಹುಡುಗಿ ನನ್ನ ಕೆನ್ನೆ ಹಿಂಡಿದಳು. ಆ ಸಂತೋಷವನ್ನು ಎಲ್ಲಿ ಇಟ್ಟುಕೊಳ್ಳಲಿ? ‘ಇರು, ಕಾಲು ನಿಂದು, ಕೈ ನಂದು’ ಎಂದೆ.

ಓಡುತ್ತ ಓಡುತ್ತ ಅವಳು ಬಿದ್ದವನೊಬ್ಬನನ್ನು ದಾಟಿಬಿಟ್ಟಳು.

‘ತಿರುಗಿ ದಾಟು ಮಗ’ ಎಂದು ಮೌಸ್ ಹಿಂದಕ್ಕೆ ತಿರುಗಿಸಿದೆ.

ದಾಟಿದಳು.