ಸೂಟಿಯ ಮಕ್ಕಳು, ದುರಗಮ್ಮನ ತಿರುವಿದ ಹೊರಸು

ಕೋಳಿ ಕೂಗಿ ಇನ್ನೂ ಹತ್ತು ನಿಮಿಷವಾಗಿಲ್ಲ. ಬೆಣ್ಣಿಹಾಳದ ಅಗಸಿಬಾಗಿಲ ಪಕ್ಕದ ಮನೆಯ ಏಣಿಯನ್ನು ಆಗಲೇ ಹಸಿರು ಸೀರೆಯೊಂದು ಹತ್ತುತ್ತಿದೆ. ಹೆಗಲಿಗೆ ದಾರದ ಉಂಡೆ, ಸೆರಗಿನ ತುದಿಗೆ ಚುಚ್ಚಿಕೊಂಡ ದಪ್ಪ ಸೂಜಿ, ಕೈಯಲ್ಲಿ ಬ್ಯಾಟರಿ. ಮಾಳಿಗೆಯ ಮೇಲೆ ಸೊಳ್ಳೆಪರದೆಯೊಳಗೆ ಎರಡು ಮಕ್ಕಳು ಒಂದರ ಮೇಲೊಂದು ಕಾಲು ಹಾಕಿಕೊಂಡು ಮಲಗಿವೆ. ದುರಗಮ್ಮ ಪರದೆಯ ಅಂಚು ಎತ್ತಿ ಕಾಲು, ಕೈ, ಕಿವಿಯ ಹಿಂದೆ, ಕುತ್ತಿಗೆ ಎಲ್ಲಕ್ಕೂ ಬೆಳಕು ಬಿಡುತ್ತಾಳೆ. ಕಚ್ಚಿದ ಗುರುತು ಒಂದೂ ಇಲ್ಲ. ಅಂಚನ್ನು ಮತ್ತೆ ಹಾಸಿಗೆಯಡಿ ಒತ್ತಿ ಪಕ್ಕದ ಮಾಳಿಗೆಗೆ ದಾಟುತ್ತಾಳೆ. ಇಲ್ಲಿ ಮಾಳಿಗೆಗೆ ಮಾಳಿಗೆ ಅಂಟಿಕೊಂಡಿರುವುದರಿಂದ ಒಮ್ಮೆ ಹತ್ತಿದರೆ ಅರ್ಧ ಓಣಿ ಮುಗಿದಂತೆಯೇ.

ದುರಗಮ್ಮನಿಗೆ ಐವತ್ತನಾಲ್ಕು ವರ್ಷ. ಕಸುಬು ಕೌದಿ ಹೊಲಿಯುವುದು. ಶಾಲೆಗೆ ಬೇಸಿಗೆ ಸೂಟಿ ಬಿಟ್ಟು ಊರಿಗೆ ಮೊಮ್ಮಕ್ಕಳು ಬಂದಿಳಿದರೆ ಮಾತ್ರ ಕೌದಿ ಮೂಲೆಗೆ, ಸೊಳ್ಳೆಪರದೆ ಮಡಿಲಿಗೆ. ಈ ಸೂಟಿಯಲ್ಲಿ ಅವಳ ಪಾಲಿಗೆ ಇಪ್ಪತ್ತಮೂರು ಮಾಳಿಗೆಗಳು, ಐವತ್ತೆಂಟು ಮಕ್ಕಳು. ಬೆಳಗಾಗುವುದರೊಳಗೆ ಅಷ್ಟನ್ನೂ ನೋಡಿ, ಹರಿದದ್ದನ್ನು ಅಲ್ಲೇ ಕೂತು ಹೊಲಿದು ಇಳಿಯಬೇಕು.

ಇವತ್ತು ಅವಳ ಕಾಲಿಗೆ ಚಕ್ರ ಕಟ್ಟಿದೆ. ಬಾಯಲ್ಲಿ ಮಾತು ನಿಲ್ಲುತ್ತಿಲ್ಲ. ಯಾಕೆಂದರೆ ಇಪ್ಪತ್ತಮೂರನೆಯ ಮಾಳಿಗೆ ಅವಳದೇ. ಮೂರು ವರ್ಷದ ಮೇಲೆ ಮೊದಲ ಸಲ ಅದರ ಮೇಲೆ ಅವಳ ಮಗಳ ಮಕ್ಕಳು ಮಲಗಿದ್ದಾರೆ. ಜೊತೆಗೆ ಕಾವಲಿಗೆ ಬಂದವರಂತೆ ಗುರುಮಠಕಲ್‌ನಿಂದ ಬೀಗ ಹಂಪಣ್ಣನವರೂ ಬಂದಿದ್ದಾರೆ. ನಿನ್ನೆ ಬಸ್ಸಿಳಿದವರೇ ಅವರು ಕರಾರು ಹಾಕಿದ್ದರು.

"ಮುಂಜಾನಿ ಹುಡುಗರ ಮೈಮ್ಯಾಗ ಒಂದ ಸೊಳ್ಳಿ ಕಡತ ಕಂಡ್ರೂ ಮೊದಲ ಬಸ್ಸಿಗೆ ಕರಕೊಂಡು ಹೋಗಾವ. ಆಮ್ಯಾಲ ಈ ಊರಿನ ಸೂಟಿ ಮುಗೀತು ಅಂತ ತಿಳಕೋರಿ."

ಓಣಿಯಿಂದ ಯಾರೋ ಕೂಗುತ್ತಾರೆ, "ದುರಗವ್ವಾ, ಊರೆಲ್ಲಾ ನೋಡಾಕತ್ತಿ, ನಿನ್ನ ಮನಿ ಯಾವಾಗ ನೋಡ್ತಿ?" ಅವಳು ಮೇಲಿಂದಲೇ ಕೈ ಬೀಸುತ್ತಾಳೆ. ನಿಜ ಹೇಳಬೇಕೆಂದರೆ ಅವಳಿಗೆ ಅಂಜಿಕೆ. ಅದಕ್ಕೇ ತನ್ನ ಮನೆಯನ್ನು ಕಡೆಗೆ ಇಟ್ಟುಕೊಂಡಿದ್ದಾಳೆ.

ವನದುರ್ಗದ ಕೋಟೆಗುಡ್ಡ ಕಾಣುವಷ್ಟು ದೂರದಲ್ಲಿದೆ ಬೆಣ್ಣಿಹಾಳ. ದುರಗಮ್ಮ ವಡಗೇರಾ ಕಡೆಯಿಂದ ಸೊಸೆಯಾಗಿ ಬಂದಾಗ ಇಲ್ಲಿ ಕಾಲುವೆಯ ಅಗೆತ ನಡೆದಿತ್ತು. ಅರಿಶಿನದ ಮೈ ಆರುವ ಮೊದಲೇ ಗಂಡ ಪರಮಣ್ಣನ ಜೊತೆ ಅವಳೂ ಬುಟ್ಟಿ ಹೊತ್ತಳು. ನೀರು ಬಂದ ದಿನ ಊರಿಗೆ ಊರೇ ದಂಡೆಯ ಮೇಲೆ ನಿಂತು ಕೇಕೆ ಹಾಕಿತ್ತು. ಜೋಳದ ಹೊಲ ಭತ್ತದ ಗದ್ದೆಯಾಯಿತು, ಉಂಬುವ ತಟ್ಟೆಗೆ ಅನ್ನ ಬಂತು. ಅದರ ಬೆನ್ನಿಗೇ ಸೊಳ್ಳೆಯೂ ಬಂತು. ಬೇಸಿಗೆಯಲ್ಲಿ ಕಾಲುವೆಯ ನೀರು ನಿಲ್ಲಿಸುತ್ತಾರಲ್ಲ, ಆಗ ತಗ್ಗುತಗ್ಗುಗಳಲ್ಲಿ ಉಳಿದ ನೀರೇ ಅದಕ್ಕೆ ತವರುಮನೆ. ಮಕ್ಕಳು ಸೂಟಿಗೆ ಬರುವುದೂ ಅದೇ ಹೊತ್ತಿಗೆ.

"ಕಾಲುವಿಗೆ ಮಣ್ಣ ಹೊತ್ತಾಕಿನೂ ನಾನ, ಈಗ ಸೊಳ್ಳಿ ಹೊರಗ ಹಾಕಾಕಿನೂ ನಾನ," ಎಂದು ನಗುತ್ತಾಳೆ. "ನಮ್ಮೂರವರನ್ನ ಕಚ್ಚಿ ಕಚ್ಚಿ ಅವಕ್ಕೂ ಬ್ಯಾಸರ ಆಗಿರತದ. ಹೊಸ ಹುಡುಗರು ಬಂದ್ವಂದ್ರ ಹಬ್ಬ ನೋಡ್ರಿ."

ಪರದೆ ಇರಲಿಲ್ಲವೆಂದಲ್ಲ. ಆರೋಗ್ಯ ಇಲಾಖೆಯವರು ಔಷಧಿ ಹಚ್ಚಿದ ಪರದೆಗಳನ್ನು ಮನೆಮನೆಗೂ ಹಂಚಿದ್ದರು. ಹಂಚಲು ಬಂದಿದ್ದ ನೀಲಕಂಠ ಈಗಲೂ ಅದನ್ನು ನೆನೆಸಿಕೊಂಡು ಹಣೆ ಚಚ್ಚಿಕೊಳ್ಳುತ್ತಾರೆ. "ಮುನ್ನೂರು ಕೊಟ್ಟೀವ್ರಿ. ತಿಂಗಳು ಬಿಟ್ಟು ಬಂದು ನೋಡಿದ್ರ ಒಂದು ಕಾಲುವ್ಯಾಗ ಮೀನ ಹಿಡಿಲಾಕತ್ತಿತ್ತು, ಒಂದು ಕೋಳಿಗೂಡಿಗೆ ಬಾಗಲಾ ಆಗಿತ್ತು, ಒಂದರ ಮ್ಯಾಗ ಮೆಣಸಿನಕಾಯಿ ಒಣಗಾಕತ್ತಿದ್ವು. ಮನಷ್ಯಾರ ಮ್ಯಾಲ ಒಂದೂ ಇದ್ದಿಲ್ರಿ!"

ಜನರನ್ನೂ ಪೂರ್ತಿ ಬೈಯುವಂತಿಲ್ಲ. ಏಪ್ರಿಲ್ ಬಿಸಿಲಿಗೆ ಮನೆಯೊಳಗೆ ಮಲಗಿದರೆ ರೊಟ್ಟಿಯ ಹಂಚಿನ ಮೇಲೆ ಮಲಗಿದಂತೆ. ಎಲ್ಲರೂ ಮಾಳಿಗೆ ಏರುತ್ತಾರೆ. ಬಟಾಬಯಲು ಮಾಳಿಗೆಯಲ್ಲಿ ಪರದೆಯ ದಾರ ಕಟ್ಟಲು ಮೊಳೆಯಿಲ್ಲ, ಗೂಟವಿಲ್ಲ. ಕಟ್ಟಿದರೂ ಗಾಳಿಗೆ ಹಾರಿ ಪಕ್ಕದ ಮನೆಯವರ ಮೇಲೆ ಬೀಳುತ್ತದೆ.

ಮೂರು ವರ್ಷದ ಹಿಂದೆ ಮಗಳು ದೇವಕಮ್ಮ ಇಬ್ಬರು ಮಕ್ಕಳೊಂದಿಗೆ ಬಂದು ತಿಂಗಳು ಇದ್ದು ಹೋದಳು. ಹೋದ ಹನ್ನೆರಡನೆಯ ದಿನಕ್ಕೆ ದೊಡ್ಡವನು, ನಾಲ್ಕು ವರ್ಷದ ಸಾಬಣ್ಣ, ನಾಲ್ಕು ಕೌದಿ ಹೊದಿಸಿದರೂ ನಿಲ್ಲದಂತೆ ನಡುಗಿದ. ಮಲೇರಿಯಾ. ಹುಡುಗ ಉಳಿದ. ಆದರೆ ಹಂಪಣ್ಣನವರ ಫೋನು ಬಂತು, "ಇನ್ನ ಮುಂದ ಕಾಲುವಿ ಊರಿಗೆ ಮಕ್ಕಳನ್ನ ಕಳಸಂಗಿಲ್ಲ." ಅವರದು ಮಳೆ ನಂಬಿದ ಒಣಭೂಮಿಯ ಸೀಮೆ. ಅವರ ಮಾತಿನಲ್ಲೂ ನ್ಯಾಯವಿತ್ತು. ಅದೇ ದುರಗಮ್ಮನಿಗೆ ಇನ್ನಷ್ಟು ಚುಚ್ಚಿತು.

"ಸಿಟ್ಟ ಮಾಡಾಕ ಅವರ ತಪ್ಪಿರಬೇಕಲ್ರೀ? ತಪ್ಪಿದ್ದಿಲ್ಲ. ಕಚ್ಚೂದು ಇಲ್ಲಿ, ಜ್ವರ ಬರೂದು ಅಲ್ಲಿ. ನಮ್ಮ ಕಣ್ಣಿಗೆ ಕಾಣಂಗೇ ಇಲ್ಲ. ನಾವು ಉಂಡಿ ಕಟ್ಟಿ ಕಳಸ್ತೀವಿ, ಅದರ ಸಂಗಾಟ ಜ್ವರಾನೂ ಕಟ್ಟಿ ಕಳಸ್ತೀವಿ," ಎನ್ನುವಾಗ ಅವಳ ದನಿ ಮೊದಲ ಬಾರಿಗೆ ಇಳಿಯುತ್ತದೆ.

ಅಂದಿನಿಂದ ಅವಳು ಊರಿನ ಹರಕು ಪರದೆಗಳನ್ನೆಲ್ಲ ಬೇಡಿ ತಂದಳು. ಕೌದಿಗೆ ಹಾಕುವ ಹೊಲಿಗೆಯನ್ನೇ ಹಾಕಿ ತುಂಡಿಗೆ ತುಂಡು ಕೂಡಿಸಿದಳು. ಕೆಳಗಿನ ಅಂಚಿಗೆ ಹಳೆ ಸೀರೆಯ ದಪ್ಪ ದಡಿಯನ್ನು ಗೇಣಗಲ ಹಚ್ಚಿದಳು. ಆ ಭಾರಕ್ಕೆ ಪರದೆ ಗಾಳಿಗೆ ಏಳಲಿಲ್ಲ, ಹಾಸಿಗೆಯಡಿ ಒತ್ತಲೂ ಅಂಚು ಸಿಕ್ಕಿತು. ಒಂದು ಪರದೆಗೆ ಒಂದೂವರೆ ದಿನದ ಕೆಲಸ. ಆದರೆ ಕಟ್ಟುವುದು ಎಲ್ಲಿಗೆ?

ಉತ್ತರ ಕೊಟ್ಟದ್ದು ತಿಗಣೆಗಳು. ಒಂದು ದಿನ ಹಗ್ಗದ ಮಂಚ, ಅಂದರೆ ಹೊರಸಿನಲ್ಲಿ ತಿಗಣೆ ಸೇರಿಕೊಂಡವೆಂದು ಕುದಿನೀರು ಸುರಿದು, ಮಾಳಿಗೆಯ ಮೇಲೆ ತಿರುವಿ ಹಾಕಿ ಬಿಸಿಲಿಗೆ ಬಿಟ್ಟಿದ್ದಳು. ಒಗೆದ ಪರದೆಯನ್ನು ಆರಲೆಂದು ಅದರ ಮೇಲೆಯೇ ಎಸೆದಳು. ತಿರುಗಿ ನೋಡುತ್ತಾಳೆ, ಹೊರಸಿನ ನಾಲ್ಕು ಕಾಲೂ ಆಕಾಶಕ್ಕೆ, ಅವುಗಳ ಮೇಲೆ ಪರದೆ ಪುಟ್ಟ ಮನೆಯಂತೆ ನಿಂತಿದೆ! "ನಾ ಅಲ್ಲೇ ಚಪ್ಪಾಳಿ ಹೊಡದೆ ನೋಡ್ರಿ. ನಮ್ಮ ಮನಿಯವ್ರು ಬಿಸಿಲು ತಲೀಗೆ ಏರ್ಯದ ಅಂತ ನೀರು ತಂದುಕೊಟ್ರು." ಕಾಲುಗಳಿಗೆ ಒಂದೊಂದು ಮೊಳ ಬಿದಿರು ಕಟ್ಟಿ ಎತ್ತರ ಮಾಡಿದಳು. ಹಗ್ಗದ ಮೇಲೆ ಹಾಸಿಗೆ, ಸುತ್ತ ಪರದೆ. ಪಸಂದಾಯಿತು.

ಹಿತ್ತಲ ಗಿಡ ಮದ್ದಲ್ಲ. ಓಣಿಯ ಹಿರಿಯಳು ಕಲ್ಯಾಣಮ್ಮ ಮಾಳಿಗೆ ಹತ್ತಿ ನೋಡಿದವಳೇ ಬಾಯಿ ಬಾಯಿ ಬಡಿದುಕೊಂಡಳು. ಮನೆಯಿಂದ ಹೆಣ ಎತ್ತಿದ ಮೇಲೆ ಸತ್ತವರು ಮಲಗಿದ್ದ ಹೊರಸನ್ನು ಅಂಗಳದಲ್ಲಿ ತಿರುವಿ ಹಾಕುವುದು ಇಲ್ಲಿಯ ಪದ್ಧತಿ. "ತಗಣಿಗೆ ತಿರುವು, ಬ್ಯಾಡ ಅನ್ನಲ್ಲ. ಬದುಕಿದ ಕೂಸುಗಳನ್ನ ಅದರಾಗ ಮಲಗಸ್ತೀಯೇನ? ನಿನಗ ಬುದ್ಧಿ ಅದನೋ ಇಲ್ಲೋ?" ಅಷ್ಟು ಕೇಳಿದ್ದೇ ತಡ, ಕೇಳಿ ಕೇಳಿ ಪರದೆ ಒಯ್ದಿದ್ದ ಹೆಂಗಸರು ಒಬ್ಬೊಬ್ಬರಾಗಿ ತಂದು ಅವಳ ಕಟ್ಟೆಯ ಮೇಲೆ ಹಾಕಿ ಹೋದರು. ದುರಗಮ್ಮ ಎರಡು ದಿನ ಉಣ್ಣಲಿಲ್ಲ.

ಮೂರನೆಯ ದಿನ ಓಣಿಯಲ್ಲಿ ಒಂದು ಕೂಸಿಗೆ ಹೆಸರಿಡುವ ಕಾರ್ಯ. ತೊಟ್ಟಿಲಿಗೆ ಕುಂಕುಮ ಹಚ್ಚಿ, ಕೂಸಿಗಿಂತ ಮೊದಲು ಅರೆಯುವ ಒಳಕಲ್ಲಿನ ಗುಂಡುಕಲ್ಲಿಗೆ ಎಳೆಮಕ್ಕಳ ಕುಂಚಿಗೆ ತೊಡಿಸಿ ಒಳಗಿಟ್ಟರು. ಕಲ್ಲು ಮಲಗಿದ ತೊಟ್ಟಿಲಿನಲ್ಲಿ ಕೂಸು ಕಲ್ಲಿನಂತೆ ಗಟ್ಟಿಯಾಗಿ ಇರಲಿ ಎಂದು. ದುರಗಮ್ಮ ಹಾಡು ಮುಗಿಯುವುದಕ್ಕೂ ಕಾಯಲಿಲ್ಲ, ಮನೆಗೆ ಓಡಿದಳು. ತಿರುವಿದ ಹೊರಸಿನ ನಾಲ್ಕೂ ಕಾಲಿಗೆ ಕುಂಕುಮ ಹಚ್ಚಿದಳು. ತನ್ನ ಗುಂಡುಕಲ್ಲು ತೊಳೆದು ಹಾಸಿಗೆಯ ನಡುವೆ ಮಲಗಿಸಿದಳು. ಕಲ್ಯಾಣಮ್ಮನ ಕೈ ಹಿಡಿದು ಎಳೆದು ತಂದು ನಿಲ್ಲಿಸಿದಳು.

"ಈಗ ಹೇಳು ಯಕ್ಕಾ, ಇದು ಹೊರಸೋ ತೊಟ್ಟಿಲೋ?"

ಕಲ್ಯಾಣಮ್ಮ ಸುತ್ತಲೂ ಒಂದು ಸಲ ತಿರುಗಿ ನೋಡಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಜೋಗುಳ ಎತ್ತಿಯೇಬಿಟ್ಟಳು! ಅವತ್ತು ಸಂಜೆ ತನ್ನ ಮೂವರು ಮೊಮ್ಮಕ್ಕಳನ್ನು ಮೊದಲು ಮಲಗಿಸಿದವಳೂ ಅವಳೇ. ಈಗ ಇಪ್ಪತ್ತಮೂರು ಮಾಳಿಗೆಯಲ್ಲೂ ಕತ್ತಲಾಗುವ ಹೊತ್ತಿಗೆ ಹೊರಸಿನ ಕಾಲಿಗೆ ಕುಂಕುಮ ಬೀಳುತ್ತದೆ, ಗುಂಡುಕಲ್ಲು ಮೊದಲು ಮಲಗುತ್ತದೆ, ಅದನ್ನು ತೆಗೆದು ಕಾಲದೆಸೆಗಿಟ್ಟು ಮಕ್ಕಳು ಆಮೇಲೆ ಮಲಗುತ್ತವೆ. ಹೋದ ವರ್ಷ ಊರಿಗೆ ಬಂದು ಹೋದ ಮಕ್ಕಳ ಮನೆಗಳಿಗೆಲ್ಲ ದುರಗಮ್ಮ ಹದಿನೈದು ದಿನ ಬಿಟ್ಟು ಫೋನು ಮಾಡಿಸಿದಳು. ಯಾರಿಗೂ ಜ್ವರ ಬಂದಿರಲಿಲ್ಲ. ಆ ಸುದ್ದಿಯನ್ನೇ ಹಿಡಿದುಕೊಂಡು ದೇವಕಮ್ಮ ಮಾವನ ಹತ್ತಿರ ವರ್ಷವಿಡೀ ಹಟ ಮಾಡಿದಳು.

ಮಾವ ಬಂದದ್ದೇನೋ ಬಂದರು. ನಿನ್ನೆ ಮಕ್ಕಳ ಹೊರಸನ್ನು ಎಂಟು ಸಲ ಅಲುಗಾಡಿಸಿ ನೋಡಿದರು. ತಮಗೂ ತಿರುವಿದ ಹೊರಸು ಹಾಕಿದ್ದನ್ನು ಕಂಡು ಮಾತ್ರ ಕೆರಳಿದರು. "ಹುಡುಗರು ತೊಟ್ಟಿಲಾಗ ಮಲಗಲಿ. ನಾ ಇನ್ನೂ ಸತ್ತಿಲ್ಲ. ನನಗ ನೆಲದ ಮ್ಯಾಗ ಒಂದು ಕಂಬಳಿ ಸಾಕು." ಬೀಗರ ಮಾತಿಗೆ ಎದುರಾಡುವುದುಂಟೇ?

ಇಪ್ಪತ್ತೆರಡು ಮಾಳಿಗೆ ಮುಗಿದವು. ಪೂರ್ವ ಕೆಂಪಾಗುತ್ತಿದೆ. ದುರಗಮ್ಮ ತನ್ನ ಮನೆಯ ಏಣಿಯ ಕೆಳಗೆ ನಿಂತು ಒಮ್ಮೆ ಸೀರೆ ಸರಿಮಾಡಿಕೊಂಡು ಹತ್ತುತ್ತಾಳೆ. ಪರದೆಯೊಳಗೆ ಏಳು ವರ್ಷದ ಸಾಬಣ್ಣ ಬಾಯಿ ತೆರೆದು ಮಲಗಿದ್ದಾನೆ. ಕೈ, ಕಾಲು, ಕುತ್ತಿಗೆ, ಬೆನ್ನು ಎಲ್ಲವೂ ಸಾಫ್. ಪಕ್ಕದಲ್ಲಿ ತಂಗಿ ಬಾಲಮ್ಮ. ಅವಳ ಎಡಗಾಲಿನ ಹರಡಿನ ಮೇಲೆ ಬ್ಯಾಟರಿಯ ಬೆಳಕು ನಿಲ್ಲುತ್ತದೆ.

ಕೆಂಪು ಚುಕ್ಕೆ.

ದುರಗಮ್ಮನಿಗೆ ಮಾಳಿಗೆಯೇ ಕುಸಿದಂತಾಗುತ್ತದೆ. ಮೂರು ವರ್ಷದ ಹೊಲಿಗೆ ಒಂದು ಚುಕ್ಕೆಗೆ ಬಿಚ್ಚಿಹೋಯಿತೇ? ಹೆಬ್ಬೆರಳಿನಿಂದ ಮೆಲ್ಲಗೆ ಒರೆಸುತ್ತಾಳೆ. ಚುಕ್ಕೆ ಹೆಬ್ಬೆರಳಿಗೆ ಬರುತ್ತದೆ. ಹುಡುಗಿ ನಿದ್ದೆಯಲ್ಲಿ ಹೊರಸಿನ ಕಾಲಿಗೆ ಒದ್ದಿದ್ದಾಳೆ, ಅದಕ್ಕೆ ಹಚ್ಚಿದ್ದ ಕುಂಕುಮ ಅಂಟಿದೆ! ದುರಗಮ್ಮ ಅಳುತ್ತಾಳೋ ನಗುತ್ತಾಳೋ ಅವಳಿಗೇ ಗೊತ್ತಿಲ್ಲ.

"ನಾ ಆಗಲೇ ನೋಡೀನ್ರಿ ಬೀಗತಿ. ಎರಡು ಸಲ ನೋಡೀನಿ," ಎನ್ನುತ್ತದೆ ಮೂಲೆಯಿಂದ ಒಂದು ದನಿ.

ಹಂಪಣ್ಣನವರು ಕಂಬಳಿ ಸುತ್ತಿಕೊಂಡು ಕೂತಿದ್ದಾರೆ. ಎಡಗಣ್ಣಿನ ರೆಪ್ಪೆ ಬೋರೆಹಣ್ಣಿನಷ್ಟು ಊದಿದೆ. ಹಣೆಯ ಮೇಲೆ ನಾಲ್ಕು, ಕಿವಿಯ ಮೇಲೆ ಎರಡು, ಕೆರೆದ ಕೈಗಳ ಲೆಕ್ಕ ಬೇರೆ. ದುರಗಮ್ಮ ಗಾಬರಿಯಾಗಿ ಆರೋಗ್ಯ ಇಲಾಖೆಯ ನೀಲಕಂಠನಿಗೆ ಹೇಳಿ ಕಳಿಸುತ್ತೇನೆ, ರಕ್ತ ತಪಾಸಣೆ ಮಾಡಿಸೋಣ, ಊರಿಗೆ ಹೋದ ಮೇಲೂ ಜ್ವರ ಬಂದರೆ ಒಂದು ದಿನ ತಡಮಾಡಬೇಡಿ ಎಂದು ಒಂದೇ ಉಸಿರಿಗೆ ಹೇಳುತ್ತಾಳೆ. ಹಂಪಣ್ಣ ಕೈಯೆತ್ತಿ ತಡೆಯುತ್ತಾರೆ.

"ಊರಿಗೆ ಯಾಕ ಜಲ್ದಿ ಕಳಸ್ತೀರಿ? ಹುಡುಗರ ಸೂಟಿ ಇನ್ನಾ ಒಂದು ತಿಂಗಳದ." ಒಂದು ಸಲ ಕಿವಿ ಕೆರೆದುಕೊಂಡು ದನಿ ಇಳಿಸುತ್ತಾರೆ. "ಇವತ್ತ ಸಂಜಿಗೆ ನನಗೂ ಒಂದು ಗುಂಡಕಲ್ಲ ಮಲಗಸ್ರಿ."

ಕೆಳಗೆ ದೇವಕಮ್ಮ ಒಲೆ ಮುಂದೆ ಕೂತಲ್ಲಿಂದಲೇ ಜೋರಾಗಿ ನಗುತ್ತಾಳೆ.

ಬಿಸಿಲೇರುವ ಹೊತ್ತಿಗೆ ದುರಗಮ್ಮ ಕಟ್ಟೆಯ ಮೇಲೆ ಕೂತು ಬೀಗರ ಅಳತೆಗೆ ಪರದೆ ಉದ್ದ ಮಾಡುತ್ತಿದ್ದಾಳೆ. ಅಂಚಿಗೆ ಹಚ್ಚಲು ತನ್ನ ಮದುವೆಯ ಸೀರೆಯ ದಡಿಯನ್ನೇ ಬಿಚ್ಚಿದ್ದಾಳೆ. ನಿಮ್ಮ ಬಗ್ಗೆ ಏನು ಬರೆಯಬೇಕು ಎಂದು ಕೇಳಿದರೆ ಸೂಜಿಗೆ ದಾರ ಪೋಣಿಸುತ್ತಲೇ ಹೇಳುತ್ತಾಳೆ:

"ಕಾಲುವಿ ಮಣ್ಣ ಹೊತ್ತಾಗೂ ಯಾರೂ ನನ್ನ ಹೆಸರು ಬರದಿಲ್ಲ, ಈಗೂ ಬ್ಯಾಡ್ರಿ. ಬೆಣ್ಣಿಹಾಳಕ್ಕ ಸೂಟಿಗೆ ಬಂದ ಮಕ್ಕಳು ಬಂದಂಗ ಮನಿ ಮುಟ್ಟತಾವ ಅಂತ ಬರೀರಿ. ಅದನ್ನ ಓದಿ ಇನ್ನೊಂದು ಮನಿಯವ್ರು ಮಗಳನ್ನ ತವರಿಗೆ ಕಳಿಸಿದ್ರ, ನಂದು ಕೂಲಿ ಮುಟ್ಟಿತು."